ಸತ್ತ ಮಂಗ ಕಂಡರೆ ಏನು ಮಾಡಬೇಕು? ವನ್ಯಜೀವಿ ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು): ಮೇಡಂ, ನಮ್ಮ ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ ಇಂದು ಒಂದು ಮುಸಿಯ ಸತ್ತು ಬಿದ್ದಿದೆ. ಮಂಗನ ಕಾಯಿಲೆ ಇರಬಹುದೆಂದು ಊರಿಗೆಲ್ಲ ಭಯ. ಹೂತುಬಿಡೋಣ ಎನ್ನುತ್ತಾರೆ ಕೆಲವರು. ಉಳಿದ ಮಂಗಗಳನ್ನೂ ಇಲ್ಲಿಂದ ಓಡಿಸಬೇಕು ಎನ್ನುತ್ತಾರೆ ಇನ್ನು ಕೆಲವರು. ಯಾವುದು ಸರಿ?

ಉತ್ತರ: ದಯವಿಟ್ಟು ಎರಡನ್ನೂ ಮಾಡಬೇಡಿ. ಹತ್ತಿರ ಹೋಗದೆ, ಈಗಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅರಣ್ಯ ಕಚೇರಿಗೂ ಫೋನ್ ಮಾಡಿ. ಈ ಕಾಯಿಲೆಯ ವೈರಸ್ ನಮಗೆ ಬರುವುದು ಹೆಚ್ಚಾಗಿ ಉಣುಗು (ರಕ್ತ ಹೀರುವ ಸಣ್ಣ ಜೀವಿ) ಕಚ್ಚುವುದರಿಂದ. ಮಂಗ ಸತ್ತು ಮೈ ತಣ್ಣಗಾಗುತ್ತಿದ್ದಂತೆ ಅದರ ಮೇಲಿದ್ದ ಉಣುಗುಗಳು ಇಳಿದು ತರಗೆಲೆಯೊಳಗೆ ಸೇರಿಕೊಳ್ಳುತ್ತವೆ. ಅಲ್ಲಿಂದ ಮುಂದೆ ಅಪಾಯವಿರುವುದು ಆ ಮರದಡಿಯ ನೆಲದಲ್ಲಿ. ಹೆಣ ಹೂತರೂ ಉಣುಗು ಹೊರಗೇ ಉಳಿಯುತ್ತದೆ. ಮುಟ್ಟಿದವರಿಗೂ ಅಪಾಯ ತಪ್ಪಿದ್ದಲ್ಲ: 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳ ಶವಪರೀಕ್ಷೆ, ದಹನದ ಕೆಲಸದಲ್ಲಿದ್ದವರಿಗೇ ಕಾಯಿಲೆ ತಗುಲಿತ್ತು. ಇನ್ನು ಮಂಗಗಳನ್ನು ಓಡಿಸಿದರೆ ಅವು ಮೈಮೇಲಿನ ಉಣುಗನ್ನು ಹೊತ್ತು ಪಕ್ಕದ ಊರಿನ ಕಾಡಿಗೆ ಹೋಗುತ್ತವೆ, ಅಷ್ಟೇ.

ಈ ರೋಗಕ್ಕೆ ಮಂಗನ ಹೆಸರಿಟ್ಟು ಆ ಪ್ರಾಣಿಗೆ ಅನ್ಯಾಯ ಮಾಡಿದ್ದೇವೆ ಎಂದು ನನಗೆ ಸದಾ ಅನಿಸುತ್ತದೆ. ನಮಗಿಂತ ಮೊದಲು ಸಾಯುವುದು ಅವೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ರೋಗ ಪತ್ತೆಯಾದದ್ದೂ ಮಂಗಗಳು ಸಾಲಾಗಿ ಸತ್ತದ್ದರಿಂದ. ಆಗ ವಲಸೆ ಹಕ್ಕಿಗಳು ವೈರಸ್ ತಂದಿರಬಹುದೆಂಬ ಶಂಕೆಯೂ ಇತ್ತು. ಪಕ್ಷಿತಜ್ಞ ಸಲೀಂ ಅಲಿಯವರ ತಂಡ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ನಡೆಸಿದ ದೊಡ್ಡ ಅಧ್ಯಯನಕ್ಕೆ ಅದೂ ಒಂದು ಕಾರಣ.

ಪ್ರಶ್ನೆ (ಅದೇ ಊರಿನ ಗೃಹಿಣಿ): ಕೊಟ್ಟಿಗೆಗೆ ದರಕು (ಉದುರಿದ ಒಣ ಎಲೆ) ತರಲು ಬೆಟ್ಟಕ್ಕೆ ಹೋಗದೆ ನಮಗೆ ನಡೆಯುವುದಿಲ್ಲ. ದನಗಳೂ ಅಲ್ಲೇ ಮೇಯುತ್ತವೆ. ಅವುಗಳಿಂದ ರೋಗ ಬರುತ್ತದೆಯೇ?

ಉತ್ತರ: ದನದಿಂದ ನೇರವಾಗಿ ಬರುವುದಿಲ್ಲ, ಆದರೆ ಬೆಳೆದ ಉಣುಗಿಗೆ ದನದ ರಕ್ತವೇ ಊಟ. ಅದನ್ನು ಕುಡಿದು ಮೊಟ್ಟೆಯಿಡುವುದರಿಂದ ಉಣುಗಿನ ಸಂತತಿ ಹೆಚ್ಚುತ್ತದೆ. ನಮ್ಮನ್ನು ಕಚ್ಚುವುದು ಹೆಚ್ಚಾಗಿ ಮರಿ ಉಣುಗು. ಎಳ್ಳಿನ ಕಾಳಿಗಿಂತ ಚಿಕ್ಕದು, ಕಚ್ಚಿದ್ದೂ ತಿಳಿಯುವುದಿಲ್ಲ. ಮಳೆ ನಿಂತು ಕಾಡು ಒಣಗಿದ ಮೇಲೆ, ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಟ. ದರಕು ಒಟ್ಟುವುದೂ ಅದೇ ತಿಂಗಳುಗಳಲ್ಲಿ ಎಂಬುದೇ ನನ್ನ ಸಂಕಟ. ಸಾಧ್ಯವಾದರೆ ಮಳೆ ನಿಂತ ಕೂಡಲೇ ತಂದು ಕೂಡಿಡಿ. ಹೋಗಲೇಬೇಕಾದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು, ಮೈತುಂಬ ಬಟ್ಟೆ ತೊಟ್ಟು ಹೋಗಿ. ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಹಳೆಯ ಲಸಿಕೆಯ ಪರಿಣಾಮ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಆದ್ದರಿಂದ ಈ ಎಚ್ಚರಿಕೆಯನ್ನು ಕಡೆಗಣಿಸಬೇಡಿ.

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ): ಅಭಯಾರಣ್ಯದೊಳಗೆ ಈ ರೋಗದ ಸಂಶೋಧನೆ ಹೇಗೆ ನಡೆಯುತ್ತದೆ? ಮಂಗಗಳನ್ನು ಹಿಡಿಯಬೇಕೇ?

ಉತ್ತರ: ಬಹುಪಾಲು ಕೆಲಸಕ್ಕೆ ಬೇಕಿಲ್ಲ. ಬಿಳಿ ಫ್ಲಾನೆಲ್ ಬಟ್ಟೆಯನ್ನು ತರಗೆಲೆಯ ಮೇಲೆ ನಿಧಾನವಾಗಿ ಎಳೆಯುತ್ತೇವೆ. ನಾಲ್ಕು ಹೆಜ್ಜೆಗೊಮ್ಮೆ ಬಟ್ಟೆ ಮಗುಚಿ ನೋಡಿದರೆ ಕಂದು ಚುಕ್ಕೆಗಳು ಹರಿದಾಡುತ್ತಿರುತ್ತವೆ. ಅವನ್ನು ಚಿಮಟದಿಂದ ಹೆಕ್ಕಿ ಸೀಸೆಗೆ ಹಾಕಿ, ಜಾಗ ಮತ್ತು ದಿನಾಂಕ ಬರೆದು, ತಂಪಿನಲ್ಲಿಟ್ಟು ಪ್ರಯೋಗಾಲಯಕ್ಕೆ ಕಳುಹಿಸುತ್ತೇವೆ. ಜೀವಂತ ವೈರಸ್ಸಿನ ಕೆಲಸವನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಂಥ ಉನ್ನತ ಸುರಕ್ಷತೆಯ ಪ್ರಯೋಗಾಲಯದಲ್ಲಿ ಮಾತ್ರ ಮಾಡಬಹುದು. ಅಭಯಾರಣ್ಯದಲ್ಲಿ ಮಾದರಿ ಸಂಗ್ರಹಿಸಲು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಮಳೆಗಾಲದಲ್ಲೇ ಅರ್ಜಿ ಹಾಕಿ. ಕಾವಲುಗಾರರ ಜೊತೆ ಒಂದು ವಾರ ನಡೆಯಿರಿ. ಯಾವ ಮರದಲ್ಲಿ ಮಂಗಗಳ ಸದ್ದು ನಿಂತಿತು ಎಂಬುದು ಮೊದಲು ಗೊತ್ತಾಗುವುದು ಅವರಿಗೆ.

ಅಡಿಕೆ ಬೆಳೆಗಾರ (ಮರುದಿನ): ನಿನ್ನೆಯೇ ತಿಳಿಸಿದೆವು ಮೇಡಂ. ಇಂದು ಬೆಳಿಗ್ಗೆ ಬಂದು ಮಾದರಿ ತೆಗೆದುಕೊಂಡು, ಹೆಣ ಸುಟ್ಟು, ಸುತ್ತ ಉಣುಗು ಕೊಲ್ಲುವ ಪುಡಿ ಹಾಕಿದ್ದಾರೆ.

ಉತ್ತರ: ಬಹಳ ಒಳ್ಳೆಯ ಕೆಲಸ ಮಾಡಿದಿರಿ. ಆ ಜಾಗದತ್ತ ದನ ಬಿಡಬೇಡಿ. ಮನೆಯಲ್ಲಿ ಯಾರಿಗಾದರೂ ಹಠಾತ್ ಜ್ವರ, ತಲೆನೋವು, ಮೈಕೈ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಮಂಗ ಸತ್ತ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಿ. ಆಗ ರಕ್ತ ಪರೀಕ್ಷೆ ಬೇಗ ಆಗುತ್ತದೆ.