1080ಐ ಬಯಲಾಟದ ಟೇಪುಗಳನ್ನು ಡಿವಿಡಿಗೆ ಇಳಿಸುವುದು ಹೇಗೆ?

ಪ್ರಶ್ನೆ (ಕುಂದಾಪುರದಿಂದ)

ನಮ್ಮೂರಿನ ಯಕ್ಷಗಾನದ ಹರಕೆ ಬಯಲಾಟಗಳನ್ನು ಎಚ್‌ಡಿವಿ ಕ್ಯಾಮೆರಾದಲ್ಲಿ ಚಿತ್ರೀಕರಿಸಿದ ಟೇಪುಗಳು ನನ್ನ ಬಳಿ ಇವೆ. ಎಲ್ಲವೂ 1080ಐ, ಅಂದರೆ 1080 ಗೆರೆಗಳ ಇಂಟರ್‌ಲೇಸ್ ಚಿತ್ರ; ಸೆಕೆಂಡಿಗೆ 50 ಫೀಲ್ಡ್ (ಒಂದು ಬಿಟ್ಟು ಒಂದು ಗೆರೆಯ ಅರ್ಧ ಚಿತ್ರ). ಊರಿನ ಹಿರಿಯರ ಮನೆಗಳಲ್ಲಿ ಇನ್ನೂ ಪಿಕ್ಚರ್ ಟ್ಯೂಬಿನ ಟಿವಿ, ಡಿವಿಡಿ ಪ್ಲೇಯರುಗಳೇ ಇವೆ. ಅವರಿಗೆ ಪಾಲ್ (ನಮ್ಮ ಹಳೆಯ ಟಿವಿಗಳ ಪದ್ಧತಿ) ಡಿವಿಡಿ ಮಾಡಿಕೊಡಬೇಕು. ಸಂಕಲನದ ತಂತ್ರಾಂಶದಿಂದ ನೇರವಾಗಿ 720×576ಕ್ಕೆ ಇಳಿಸಿದರೆ, ಮಂಡಿ ಹಾಕಿ ತಿರುಗುವಾಗ ವೇಷದ ಅಂಚಿನಲ್ಲಿ ಜೋಡಿ ನೆರಳು ಕಾಣಿಸುತ್ತದೆ. ಕಸೆ ಸೀರೆಯ ಚೌಕುಳಿಗಳು ಒಂದೇ ಸಮನೆ ಮಿನುಗುತ್ತವೆ. ಸರಿಯಾದ ದಾರಿ ಯಾವುದು?

ಉತ್ತರ (ಮೈಸೂರಿನಿಂದ)

ಮೊದಲು ಡಿಇಂಟರ್‌ಲೇಸ್ ಮಾಡಿ, ಅಂದರೆ ಹೆಣೆದ ಫೀಲ್ಡುಗಳನ್ನು ಬಿಡಿಸಿ, ಸೆಕೆಂಡಿಗೆ 25 ಪೂರ್ಣ ಫ್ರೇಮ್ ಮಾಡಿಕೊಳ್ಳಿ, ಆಮೇಲೆ ಚಿಕ್ಕದು ಮಾಡಿ. ನೆರಳು ಹೋಗುತ್ತದೆ.

ಉತ್ತರ (ಶಿರಸಿಯಿಂದ, ವಿಡಿಯೊ ಸಂಕಲನಕಾರ)

ನೆರಳು ಹೋಗುತ್ತದೆ, ನಿಜ; ಅದರ ಜೊತೆಗೆ ಕುಣಿತದ ಅರ್ಧ ಚಲನೆಯೂ ಹೋಗುತ್ತದೆ. ಯಕ್ಷಗಾನಕ್ಕೆ ಇದನ್ನು ನಾನು ಒಪ್ಪಲಾರೆ. 1080 ಗೆರೆಗಳನ್ನು 576ಕ್ಕೆ ಇಳಿಸುವಾಗ ವಿವರ ಕಡಿಮೆಯಾಗುವುದು ಅನಿವಾರ್ಯ. ಆದರೆ ಸೆಕೆಂಡಿಗೆ 50 ಚಲನೆಗಳನ್ನು ಹಳೆಯ ಟಿವಿಯೂ ತೋರಿಸಬಲ್ಲದು. ಅದನ್ನೇಕೆ ಬಿಟ್ಟುಕೊಡಬೇಕು?

ತೊಂದರೆಯ ಮೂಲ ಇಲ್ಲಿದೆ. ನಿಮ್ಮ ಒಂದು ಫ್ರೇಮಿನಲ್ಲಿ 540 ಗೆರೆಗಳ ಎರಡು ಫೀಲ್ಡ್‌ಗಳು ಹೆಣೆದುಕೊಂಡಿವೆ, ಅವು ಸೆಕೆಂಡಿನ 50ನೆಯ ಒಂದು ಭಾಗದ ಅಂತರದಲ್ಲಿ ಸೆರೆಯಾದವು. ಹೆಣೆದದ್ದನ್ನು ಹಾಗೆಯೇ ಕುಗ್ಗಿಸಿದರೆ ಅಕ್ಕಪಕ್ಕದ ಗೆರೆಗಳು ಬೆರೆತು, ಎರಡು ಬೇರೆ ಕ್ಷಣಗಳು ಒಂದೇ ಗೆರೆಗೆ ಬಂದು ಸೇರುತ್ತವೆ. ನೀವು ಕಾಣುತ್ತಿರುವ ಜೋಡಿ ನೆರಳು ಅದೇ. ಒಮ್ಮೆ ಬೆರೆತ ಮೇಲೆ ಯಾವ ಫಿಲ್ಟರಿಗೂ ಅದನ್ನು ಬಿಡಿಸಲಾಗದು.

ಆದ್ದರಿಂದ ಪ್ರತಿ ಫೀಲ್ಡನ್ನೂ ಒಂದು ಪೂರ್ಣ ಫ್ರೇಮ್ ಮಾಡಿ ಸೆಕೆಂಡಿಗೆ 50 ಫ್ರೇಮ್ ಪಡೆಯಿರಿ. ಇದಕ್ಕೆ ಉಚಿತ ವಿಡಿಯೊ ತಂತ್ರಾಂಶವಾದ ಎಫ್‌ಎಫ್‌ಎಂಪೆಗ್‌ನ ಬಿಡಬ್ಲ್ಯೂಡಿಐಎಫ್ ಫಿಲ್ಟರ್ ಸಾಕು. ಸಮಯವಿದ್ದರೆ ಕ್ಯೂಟಿಜಿಎಂಸಿ ಎಂಬ ಸ್ಕ್ರಿಪ್ಟ್ ಇನ್ನೂ ಚೆನ್ನ, ಆದರೆ ಬಹಳ ನಿಧಾನ. ಈ 50 ಫ್ರೇಮುಗಳನ್ನು 720×576ಕ್ಕೆ ಕುಗ್ಗಿಸಿ, ಕೊನೆಗೆ ಮತ್ತೆ ಇಂಟರ್‌ಲೇಸ್ ಮಾಡಿ. ಎಚ್‌ಡಿವಿ ಚಿತ್ರ 1440×1080ರಲ್ಲಿ ಅಡಕವಾಗಿದ್ದರೂ ಅದರ ಆಕಾರ 16:9. ಡಿವಿಡಿಗೂ 16:9 ಗುರುತನ್ನು ಕೊಡಿ.

ಚೌಕುಳಿಗಳ ಮಿನುಗು ಬೇರೆ ಕಾಯಿಲೆ. ಒಂದೇ ಗೆರೆಯಷ್ಟು ದಪ್ಪದ ಅಂಚು ಒಂದು ಫೀಲ್ಡಿನಲ್ಲಿ ಮಾತ್ರ ಉಳಿಯುತ್ತದೆ, ಸೆಕೆಂಡಿಗೆ 25 ಬಾರಿ ಹೊಳೆದು ಮರೆಯಾಗುತ್ತದೆ. ಮತ್ತೆ ಇಂಟರ್‌ಲೇಸ್ ಮಾಡುವಾಗ ಲಂಬವಾಗಿ ತುಸು ಮೃದು ಮಾಡುವ ಲೋಪಾಸ್ ಆಯ್ಕೆ ಚಾಲೂ ಇರಲಿ. ಕಂಪ್ಯೂಟರಿನಲ್ಲಿ ಚಿತ್ರ ಮೆತ್ತಗೆ ಕಂಡೀತು, ಟಿವಿಯಲ್ಲಿ ಸೀರೆ ನೆಮ್ಮದಿಯಾಗಿ ನಿಲ್ಲುತ್ತದೆ. ಶಾರ್ಪ್ ಮಾಡುವ ಫಿಲ್ಟರುಗಳ ತಂಟೆಗಂತೂ ಹೋಗಬೇಡಿ.

ಬಣ್ಣವನ್ನು ಮರೆಯುವವರೇ ಹೆಚ್ಚು. ಎಚ್‌ಡಿಯ ಬಣ್ಣದ ಲೆಕ್ಕ ಬಿಟಿ.709, ಡಿವಿಡಿಯದು ಬಿಟಿ.601. ಪರಿವರ್ತಿಸದಿದ್ದರೆ ಕೆಂಪು ತುಸು ಮಂಕಾಗಿ ಹಸಿರು ಅತಿಯಾಗಿ ಹೊಳೆಯುತ್ತದೆ. ಮುಖವರ್ಣಿಕೆಯೇ ಪಾತ್ರದ ಗುರುತಾಗಿರುವ ಕಲೆಯಲ್ಲಿ ಇದನ್ನು ಸಣ್ಣ ವಿಷಯವೆನ್ನಲಾಗದು.

ಪ್ರಶ್ನೆ ಕೇಳಿದವರು

ಹಾಗೆಯೇ ಮಾಡಿದೆ. ಮಂಡಿ ಕುಣಿತ ಈಗ ಟೇಪಿನಲ್ಲಿದ್ದಷ್ಟೇ ಸರಾಗವಾಗಿದೆ, ಚೌಕುಳಿಯೂ ಶಾಂತ. ಆದರೆ ಟಿವಿಯಲ್ಲಿ ಕೈ ಬೀಸಿದಾಗ ಹಿಂದಕ್ಕೂ ಮುಂದಕ್ಕೂ ನಡುಗಿದಂತೆ ಕಾಣುತ್ತದೆ, ಕಂಪ್ಯೂಟರಿನಲ್ಲಿ ಹಾಗಿಲ್ಲ. ಎರಡು ಗಂಟೆಯ ಪ್ರಸಂಗವನ್ನು ಒಂದೇ ಡಿಸ್ಕಿಗೆ ತುಂಬಬಹುದೇ?

ಉತ್ತರ (ಶಿರಸಿಯಿಂದ)

ನಡುಕಕ್ಕೆ ಕಾರಣ ಫೀಲ್ಡುಗಳ ಕ್ರಮ. ಎಚ್‌ಡಿವಿಯಲ್ಲಿ ಮೇಲಿನ ಫೀಲ್ಡ್ ಮೊದಲು, ಹಳೆಯ ಡಿವಿ ಟೇಪಿನಲ್ಲಿ ಕೆಳಗಿನದು ಮೊದಲು. ಇಂಟರ್‌ಲೇಸ್ ಮಾಡುವಾಗಲೂ ಎನ್‌ಕೋಡ್ ಮಾಡುವಾಗಲೂ ಮೇಲಿನದನ್ನೇ ಮೊದಲಾಗಿಡಿ. ಮತ್ತೆ ಮತ್ತೆ ಬರೆಯಬಹುದಾದ ಡಿಸ್ಕಿನಲ್ಲಿ ಒಂದು ನಿಮಿಷದ ತುಣುಕು ಹಾಕಿ ಆ ಟಿವಿಯಲ್ಲೇ ನೋಡಿ.

ಒಂದೇ ಡಿಸ್ಕ್ ಬೇಡ. 4.7 ಜಿಬಿಯಲ್ಲಿ ಎರಡು ಗಂಟೆ ತುಂಬಿದರೆ ಧ್ವನಿಯೂ ಸೇರಿ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಮಾತ್ರ ಸಿಗುತ್ತದೆ. ವೇಗದ ಕುಣಿತದಲ್ಲಿ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಡಿಸ್ಕಿಗೆ ಒಂದು ಗಂಟೆಯಂತೆ ಇಟ್ಟರೆ ಚಿತ್ರಕ್ಕೆ 8 ಮೆಗಾಬಿಟ್ ಕೊಟ್ಟೂ ಚೆಂಡೆ, ಮದ್ದಳೆಯ ಧ್ವನಿಯನ್ನು ಸಂಕುಚಿಸದ ಪಿಸಿಎಂ ರೂಪದಲ್ಲೇ ಇಡಬಹುದು. ಪದ್ಯದ ನಡುವೆ ಕತ್ತರಿಸದೆ, ಹೊಸ ವೇಷ ರಂಗಕ್ಕೆ ಬರುವ ಮೊದಲು ಡಿಸ್ಕ್ ಬದಲಾಗುವಂತೆ ನೋಡಿಕೊಳ್ಳಿ.