ಮೊದಲ ಬರವಣಿಗೆ ಕೆಲಸಕ್ಕೆ ಎಷ್ಟು ಕೇಳಲಿ?

ಪ್ರಶ್ನೆ: ಮೈಸೂರಿನ ಸೀರೆ ಅಂಗಡಿಯೊಂದರ ಜಾಲತಾಣಕ್ಕೆ ತಲಾ 600 ಪದಗಳ ಹತ್ತು ಕನ್ನಡ ಲೇಖನಗಳು ಬೇಕಂತೆ. ಪದಕ್ಕೆ 50 ಪೈಸೆ ಎಂದು ಬರೆದು, ಅಳಿಸಿ, ಮತ್ತೆ ಬರೆದು ಕುಳಿತಿದ್ದೇನೆ.

ಉತ್ತರ 1: ಪದ ಎಣಿಸಬೇಡಿ. ಇಂಗ್ಲಿಷಿನಲ್ಲಿ ಮೂರು ಪದವಾಗುವುದು ನಮ್ಮಲ್ಲಿ ‘ಅಂಗಡಿಯಲ್ಲಿ’ ಎಂಬ ಒಂದೇ ಪದ. ವಿಭಕ್ತಿ ಪ್ರತ್ಯಯಕ್ಕೆ ಕಾಸು ಕೊಡುವವರಿಲ್ಲ. ಲೇಖನಕ್ಕೆ ಇಷ್ಟೆಂದು ಕೇಳಿ. ಒಂದಕ್ಕೆ ಐದು ಗಂಟೆ ಹಿಡಿದರೆ ನಿಮ್ಮ ಲೆಕ್ಕದಲ್ಲಿ ಗಂಟೆಗೆ 60 ರೂಪಾಯಿ. ಮಸಾಲೆ ದೋಸೆಗೂ ಸಾಲದು.

ಉತ್ತರ 2: ಅರ್ಧ ಮುಂಗಡ, ತಿದ್ದುಪಡಿ ಎರಡೇ ಸುತ್ತು. ನನ್ನ ಮೊದಲ ಗಿರಾಕಿ ಏಳು ಬಾರಿ ತಿದ್ದಿಸಿ, ಕೊನೆಗೆ ಮೊದಲ ಕರಡನ್ನೇ ಪ್ರಕಟಿಸಿದರು.

ಪ್ರಶ್ನೆ ಕೇಳಿದವರು: ಲೇಖನಕ್ಕೆ 1,500 ಎಂದು ಕಳುಹಿಸಿದೆ. ‘ಜಿಎಸ್‌ಟಿ ಸೇರಿಯೇ?’ ಎನ್ನುತ್ತಿದ್ದಾರೆ!

ಉತ್ತರ 1: ವಾರ್ಷಿಕ ವಹಿವಾಟು 20 ಲಕ್ಷ ದಾಟಿದೆಯೇ? ಇಲ್ಲವಾದರೆ ‘ನೋಂದಣಿ ಇಲ್ಲ’ ಎಂದು ಬರೆಯಿರಿ.