ಪದಚರ್ಚೆ: ಪೊಲೀಸರ ಗುಂಡಿಗೆ ಒಬ್ಬ ಸತ್ತರೆ ‘ಕೈತಪ್ಪು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕ ಕಡೆಯವನು. ನಮ್ಮ ಊರಿನ ವಾಚನಾಲಯದಲ್ಲಿ ತಿಂಗಳಿಗೊಮ್ಮೆ ಸೇರಿ ಒಂದು ಲೇಖನ ಓದಿ ಮಾತಾಡುತ್ತೇವೆ. ಲೇಖನ ಮಲಯಾಳದಲ್ಲಿದ್ದರೆ ಕನ್ನಡಕ್ಕೆ ತರುವ ಕೆಲಸ ನನ್ನದು. ಈ ಸಲದ್ದು ಲಂಡನ್ನಿನ ಒಂದು ಪ್ರಕರಣ. ಅದರಲ್ಲಿ ಬಂದ ಒಂದು ಮಾತಿಗೆ ಸರಿಯಾದ ಕನ್ನಡ ಸಿಗದೆ ವಾರದಿಂದ ಒದ್ದಾಡುತ್ತಿದ್ದೇನೆ.

ನಡೆದದ್ದು 2005ರ ಜುಲೈ 22ರಂದು. ಹಿಂದಿನ ದಿನ ಲಂಡನ್ನಿನಲ್ಲಿ ಬಾಂಬ್ ಸಿಡಿಸಲು ನೋಡಿ ವಿಫಲರಾದವರನ್ನು ಪೊಲೀಸರು ಹುಡುಕುತ್ತಿದ್ದರು. ಜೀನ್ ಚಾರ್ಲ್ಸ್ ಡಿ ಮೆನೆಜೆಸ್ ಬ್ರೆಜಿಲ್‌ನಿಂದ ಬಂದು ಎಲೆಕ್ಟ್ರಿಷಿಯನ್ ಕೆಲಸ ಮಾಡುತ್ತಿದ್ದ, 27 ವರ್ಷದ ಯುವಕ. ಪೊಲೀಸರು ಕಾವಲು ಕೂತಿದ್ದ ಕಟ್ಟಡದಲ್ಲೇ ಇವನ ಮನೆಯೂ ಇತ್ತು. ಹೊರಗೆ ಬಂದವನನ್ನು ಕಂಡು ಶಂಕಿತನೇ ಇವನು ಅಂದುಕೊಂಡು ಹಿಂದೆ ಬಿದ್ದರು. ಸ್ಟಾಕ್‌ವೆಲ್ ನಿಲ್ದಾಣದಲ್ಲಿ, ರೈಲಿನೊಳಗೆ, ತಲೆಗೆ ಏಳು ಗುಂಡು ಹೊಡೆದರು.

ಮಲಯಾಳ ಲೇಖನ ಇದನ್ನು ‘ಪೊಲೀಸಿನ್ ಪಟ್ಟಿಯ ಕೈಯಬದ್ಧಂ’ ಎಂದಿದೆ. ನಮ್ಮಲ್ಲಿ ಅಬದ್ಧ ಅಂದರೆ ಅಸಂಬದ್ಧ, ಸುಳ್ಳು. ‘ಅಬದ್ಧ ಮಾತಾಡಬೇಡ’ ಅನ್ನುತ್ತೇವೆ. ಮಲಯಾಳದಲ್ಲಿ ಅದು ಪ್ರಮಾದ. ಕೈಯಬದ್ಧ ಅಂದರೆ ಕೈಯಿಂದ ಆಗಿಹೋದ ಪ್ರಮಾದ. ಚಹಾ ಚೆಲ್ಲಿದರೂ, ಯಾರಿಗೋ ಹೋಗಬೇಕಾದ ಮೆಸೇಜು ಇನ್ಯಾರಿಗೋ ಹೋದರೂ ನಮ್ಮ ನೆರೆಕರೆಯಲ್ಲಿ ಇದೇ ಮಾತು. ನಾನು ಸುಮ್ನೆ ‘ಪೊಲೀಸರಿಗೆ ಆದ ಕೈತಪ್ಪು’ ಎಂದು ಬರೆದೆ.

ಓದಿ ಮುಗಿಸುವ ಮೊದಲೇ ನಮ್ಮ ಹಳೆಯ ಟೀಚರ್ ತಡೆದರು. “ಮಗಾ, ಕೈತಪ್ಪಿ ಬೀಳುವುದು ಕೊಡಪಾನ. ಏಳು ಸಲ ಕೈ ತಪ್ಪುತ್ತದಾ?”

ಅವರು ಹೇಳಿದ್ದು ಸರಿ. ಆಮೇಲೆ ನೋಡಿದರೆ ನನ್ನ ವಾಕ್ಯದಲ್ಲಿ ಇನ್ನೂ ಒಂದು ತೊಡಕಿದೆ. ‘ಪೊಲೀಸರಿಗೆ ಆದ’ ಅಂದೆ. ನಮಗೆ ಜ್ವರ ಬರುತ್ತದೆ, ನಷ್ಟ ಆಗುತ್ತದೆ. ಅಲ್ಲೆಲ್ಲ ನಾವು ಅನುಭವಿಸುವವರು, ಮಾಡುವವರಲ್ಲ. ಅದೇ ರೂಪದಲ್ಲಿ ‘ಪೊಲೀಸರಿಗೆ ತಪ್ಪಾಯಿತು’ ಅಂದರೆ ಕಷ್ಟ ಬಂದದ್ದು ಪೊಲೀಸರಿಗೇ ಅನ್ನುವ ಹಾಗಾಗುತ್ತದೆ. ಸತ್ತವನು ವಾಕ್ಯದಿಂದಲೇ ಆಚೆ ಹೋಗುತ್ತಾನೆ. ‘ಗುಂಡು ಹಾರಿತು’ ಮತ್ತು ‘ಗುಂಡು ಹಾರಿಸಿದರು’ ನಡುವೆ ಇರುವುದೂ ಇದೇ ವ್ಯತ್ಯಾಸ. ನಮ್ಮ ಪತ್ರಿಕೆಗಳ ‘ಗೋಲಿಬಾರ್‌ಗೆ ಇಬ್ಬರು ಬಲಿ’ ಎಂಬ ತಲೆಬರಹದಲ್ಲಿ ಹೊಡೆದವರು ಎಲ್ಲಿ ಕಾಣಿಸುತ್ತಾರೆ? ‘ಲಘು ಲಾಠಿ ಪ್ರಹಾರ’ವನ್ನೂ ಬಿಟ್ಟುಬಿಡಬೇಕು ಅನ್ನುವುದು ನನ್ನ ಆಸೆ. ಪೆಟ್ಟು ಲಘುವೋ ಅಲ್ಲವೋ ಎಂದು ಪೆಟ್ಟು ತಿಂದವರನ್ನು ಯಾರೂ ಕೇಳಿರುವುದಿಲ್ಲ.

ಕನ್ನಡದ ‘ತಪ್ಪು’ ಕ್ರಿಯಾಪದ ದೊಡ್ಡದು. ದಾರಿ ತಪ್ಪುತ್ತದೆ, ಬಸ್ಸು ತಪ್ಪುತ್ತದೆ, ಆಯ ತಪ್ಪುತ್ತದೆ, ಗುರಿ ತಪ್ಪುತ್ತದೆ. ಸ್ಟಾಕ್‌ವೆಲ್‌ನಲ್ಲಿ ಗುರಿ ತಪ್ಪಿರಲಿಲ್ಲ. ಗುರುತು ತಪ್ಪಿತ್ತು. ಹಾಗಾಗಿ ‘ಗುರುತು ತಪ್ಪಿ ಕೊಂದರು’ ಎಂದು ತಿದ್ದಿದೆ. ಎರಡು ದಿನ ಬಿಟ್ಟು ಓದಿದಾಗ ಅದೂ ಸಾಲಲಿಲ್ಲ. ಗುರುತು ತಾನಾಗಿ ತಪ್ಪುವುದಿಲ್ಲ ಅಲ್ವಾ? ‘ಗುರುತು ಹಿಡಿಯುವುದರಲ್ಲಿ ತಪ್ಪಿದರು, ಕೊಂದರು’ ಅಂದರೆ ಎರಡೂ ಕೆಲಸಕ್ಕೆ ಮಾಡಿದವರು ಸಿಗುತ್ತಾರೆ. ವಾಕ್ಯ ಸ್ವಲ್ಪ ಉದ್ದ. ಆದರೂ ಸದ್ಯಕ್ಕೆ ಇದನ್ನೇ ಇಟ್ಟುಕೊಂಡಿದ್ದೇನೆ.

ಇಷ್ಟು ಕೂದಲು ಸೀಳಬೇಕೇ ಎಂದು ಕೇಳಬಹುದು. ಕಾನೂನು ನಿಂತಿರುವುದೇ ಈ ಸೀಳಿನ ಮೇಲೆ. ಭಾರತೀಯ ನ್ಯಾಯ ಸಂಹಿತೆಯ 18ನೇ ಕಲಮು ಆಕಸ್ಮಿಕದ ಬಗ್ಗೆ. 14ನೇ ಕಲಮು, ಅಂದರೆ ಹಳೆಯ ಐಪಿಸಿಯ 76, ಸಂಗತಿಯನ್ನು ತಪ್ಪಾಗಿ ತಿಳಿದು ಮಾಡಿದ ಕೆಲಸದ ಬಗ್ಗೆ. ಅಲ್ಲೊಂದು ಉದಾಹರಣೆ ಇದೆ. ಒಬ್ಬನನ್ನು ಬಂಧಿಸು ಎಂದು ಕೋರ್ಟು ಅಧಿಕಾರಿಗೆ ಹೇಳಿದೆ. ಅವನು ಸರಿಯಾಗಿ ವಿಚಾರಿಸಿದ ಮೇಲೆ ಬೇರೊಬ್ಬನನ್ನೇ ಆ ಮನುಷ್ಯ ಎಂದು ನಂಬಿ ಬಂಧಿಸುತ್ತಾನೆ. ಅದು ಅಪರಾಧವಲ್ಲ. ಇಡೀ ಉದಾಹರಣೆಯ ಜೀವ ‘ಸರಿಯಾಗಿ ವಿಚಾರಿಸಿದ ಮೇಲೆ’ ಎಂಬ ಮಾತಿನಲ್ಲಿದೆ. ವಿಚಾರಿಸದೆ, ಎಚ್ಚರವಿಲ್ಲದೆ ನಡೆದುಕೊಂಡು ಸಾವು ಉಂಟಾದರೆ ಅದು 106ನೇ ಕಲಮಿನ ನಿರ್ಲಕ್ಷ್ಯ ಆಗಬಹುದು. ಅದಕ್ಕೆ 5 ವರ್ಷದವರೆಗೆ ಜೈಲು ಇದೆ. ‘ಕೈತಪ್ಪು’ ಎಂದು ಬರೆದರೆ ಆಕಸ್ಮಿಕ, ತಪ್ಪು ತಿಳಿವಳಿಕೆ, ನಿರ್ಲಕ್ಷ್ಯ ಮೂರೂ ಒಂದೇ ಚೀಲದಲ್ಲಿ ಸೇರಿಹೋಗುತ್ತವೆ.

ನಮ್ಮ ದೇಶದಲ್ಲೂ ಇಂಥದ್ದು ಆಗಿದೆ. 1997ರ ಮಾರ್ಚ್ 31ರಂದು ದೆಹಲಿಯ ಕನಾಟ್ ಪ್ಲೇಸ್‌ನಲ್ಲಿ ಪೊಲೀಸರು ಯಾರೋ ಪಾತಕಿ ಎಂದುಕೊಂಡು ಒಂದು ಕಾರಿನ ಮೇಲೆ ಗುಂಡು ಹಾರಿಸಿದರು. ಇಬ್ಬರು ವ್ಯಾಪಾರಿಗಳು ಸತ್ತರು. ಕಾರಿನಿಂದಲೇ ಮೊದಲು ಗುಂಡು ಬಂತು ಎಂದು ಪೊಲೀಸರು ಹೇಳಿದ್ದನ್ನು ಕೋರ್ಟು ನಂಬಲಿಲ್ಲ. 2007ರಲ್ಲಿ 10 ಪೊಲೀಸರಿಗೆ ಜೀವಾವಧಿ ಶಿಕ್ಷೆ ಆಯಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಲಂಡನ್ನಿನಲ್ಲಿ ಒಬ್ಬ ಪೊಲೀಸನ ಮೇಲೂ ಮೊಕದ್ದಮೆ ನಡೆಯಲಿಲ್ಲ. 2007ರಲ್ಲಿ ಇಡೀ ಪೊಲೀಸ್ ಇಲಾಖೆಗೆ ಕೆಲಸದ ಸುರಕ್ಷತೆಯ ಕಾನೂನಿನಡಿ 1,75,000 ಪೌಂಡ್ ದಂಡ ಬಿತ್ತು, ಅಷ್ಟೆ.

ಇನ್ನೊಂದು ತೊಡಕು. 2008ರ ಮರಣ ವಿಚಾರಣೆಯಲ್ಲಿ, ಇದು ಕಾನೂನಿಗೆ ವಿರುದ್ಧವಾಗಿ ಕೊಂದದ್ದು ಎಂದು ಹೇಳುವ ಅವಕಾಶವನ್ನು ಜ್ಯೂರಿಗೆ ಕೊಡಲಿಲ್ಲ. ಉಳಿದದ್ದು ಎರಡು: ಕಾನೂನಿನ ಪ್ರಕಾರವೇ ಕೊಂದದ್ದು, ಅಥವಾ ಯಾವುದೆಂದು ಹೇಳಲಾಗದು. ಜ್ಯೂರಿ ಎರಡನೆಯದನ್ನು ಆರಿಸಿತು. ಮೊದಲನೆಯದನ್ನು ‘ಕಾನೂನುಬದ್ಧ ಕೊಲೆ’ ಎಂದು ಬರೆದರೆ ಕಿವಿಗೆ ಒಡೆಯುತ್ತದೆ. ಕೊಲೆ ಅಂದಾಗಲೇ ಅಪರಾಧ ಎಂದು ತೀರ್ಮಾನ ಆಗಿಹೋಗಿರುತ್ತದೆ. ಸಾವು ಅಂದರೆ ಮಾಡಿದವರೇ ಇಲ್ಲ. ‘ಕೊಂದದ್ದು’ ಒಂದೇ ಎರಡರ ನಡುವೆ ನಿಲ್ಲುತ್ತದೆ ಎಂದು ನನಗೆ ಕಾಣುತ್ತದೆ.

ಮಲಯಾಳದಿಂದ ಅನುವಾದ ಮಾಡುವ ಗಡಿನಾಡಿನ ಗೆಳೆಯರಿಗೆ ಒಂದು ಮಾತು. ಅಲ್ಲಿನ ‘ಮನಃಪೂರ್ವಮಲ್ಲಾತ್ತ ನರಹತ್ಯ’ವನ್ನು ‘ಮನಃಪೂರ್ವಕವಲ್ಲದ ನರಹತ್ಯೆ’ ಮಾಡಬೇಡಿ. ನಮಗೆ ಮನಃಪೂರ್ವಕ ಅಂದರೆ ಮನಸಾರೆ. ಅವರಿಗೆ ಅದು ಬೇಕಂತಲೇ. ‘ಉದ್ದೇಶವಿಲ್ಲದ’ ಅಂದರೆ ಸಾಕು.

ಕೊನೆಯದು ಹೊಣೆಯ ಮಾತು. ‘ಉತ್ತರದಾಯಿತ್ವ’ ಎಂದು ಬರೆದರೆ ನಮ್ಮ ಓದುಗೂಟದಲ್ಲಿ ಅರ್ಧ ಜನಕ್ಕೆ ತಿಳಿಯುವುದಿಲ್ಲ. ಜವಾಬು ಅಂದರೂ ಉತ್ತರವೇ. ಆದರೆ ಜವಾಬ್ದಾರಿ ಈಗ ‘ಮನೆಯ ಜವಾಬ್ದಾರಿ’ ಎಂಬ ಹಾಗೆ ಕರ್ತವ್ಯದ ಕಡೆಗೆ ವಾಲಿದೆ. ನನಗೆ ‘ಹೊಣೆ’ ಇಷ್ಟ. ಸಾಲಕ್ಕೆ ಹೊಣೆ ನಿಂತವನು, ಸಾಲಗಾರ ಓಡಿಹೋದರೆ ತಾನೇ ಕೊಡಬೇಕು. ಅಂದರೆ ಆ ಪದದೊಳಗೆ ತೆರಬೇಕಾದ ಬೆಲೆಯೂ ಇದೆ.

ಬಲ್ಲವರಲ್ಲಿ ಕೇಳುವುದಿಷ್ಟು. ‘ಕೊಂದದ್ದು’ ಎಂಬುದಕ್ಕೆ ಅಪರಾಧದ ಬಣ್ಣವಿಲ್ಲದ ನಾಮಪದ ಹಳೆಯ ಕೋರ್ಟು ಕಾಗದಗಳಲ್ಲಿ ಎಲ್ಲಾದರೂ ಕಂಡಿದ್ದೀರಾ? ಸೊಲ್ಲಾಪುರ, ಜತ್ತ, ತಾಳವಾಡಿ, ಮಡಕಶಿರಾ ಕಡೆಯವರು ‘ಕೈತಪ್ಪು’ ಮಾತನ್ನು ಜೀವಹಾನಿಗೂ ಬಳಸುತ್ತೀರಾ, ಅಥವಾ ಸಣ್ಣಪುಟ್ಟದಕ್ಕೆ ಮಾತ್ರವಾ? ಮುಂದಿನ ಓದು ತಿಂಗಳ ಮೊದಲ ಭಾನುವಾರ. ಅಷ್ಟರೊಳಗೆ ತಿಳಿಸಿದರೆ ಪ್ರತಿ ತಿದ್ದಿ ಟೀಚರಿಗೆ ಕೊಡುತ್ತೇನೆ.